ಅಂಬಾಸಿಡರಿನ ದಾಯಾದಿ

ಇಂಗ್ಲಿಷರ ಸ್ಪೋರ್ಟ್ಸ್ ಕಾರು ಎಂದೊಡನೆ ಕಣ್ಣ ಮುಂದೆ ನಿಲ್ಲುವುದು ಎರಡೇ ಆಸನದ, ನೆಲಕ್ಕೆ ಅಂಟಿದಂತೆ ಓಡುವ ಷೋಕಿಯ ಬಂಡಿ. ಲಂಡನ್ನಿನಲ್ಲೋ ಸಿಡ್ನಿಯಲ್ಲೋ ಅದನ್ನು ಸಾಕುವ ಹವ್ಯಾಸಿಗಳಿಗೂ ನಮ್ಮ ಹೊಸಪೇಟೆಯ ಧೂಳಿನ ಬೀದಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ, ಅದೂ ದೂರದ್ದಲ್ಲ, ದಾಯಾದಿ ಸಂಬಂಧ.

ಆಕ್ಸ್‌ಫರ್ಡಿನಲ್ಲಿ ವಿಲಿಯಂ ಮಾರಿಸ್ ಎಂಬಾತ ಸೈಕಲ್ ರಿಪೇರಿಯಿಂದ ತೊಡಗಿ ಕಾರಿನ ಕಾರ್ಖಾನೆಯವರೆಗೆ ಬೆಳೆದ. ಅವನ ಗ್ಯಾರೇಜನ್ನು ನೋಡಿಕೊಳ್ಳುತ್ತಿದ್ದ ಸೆಸಿಲ್ ಕಿಂಬರ್ 1920ರ ದಶಕದಲ್ಲಿ ಸಾಧಾರಣ ಮಾರಿಸ್ ಕಾರುಗಳಿಗೇ ಹಗುರವಾದ, ಚೆಲುವಾದ ಮೈಯನ್ನು ತೊಡಿಸಿ ಮಾರಲಾರಂಭಿಸಿದ. ‘ಮಾರಿಸ್ ಗ್ಯಾರೇಜಸ್’ ಎಂಬುದರ ಮೊದಲಕ್ಷರಗಳೇ ಎಂ.ಜಿ. ಎಂಬ ಹೆಸರಾದವು. ಹುಟ್ಟಿನಿಂದಲೇ ಈ ಕಾರು ಸಂಸಾರವಂದಿಗರ ಕಾರಿನ ತಮ್ಮನೇ ಹೊರತು ಅರಮನೆಯ ಕುವರನಲ್ಲ.

1952ರಲ್ಲಿ ಮಾರಿಸ್ ಮತ್ತು ಆಸ್ಟಿನ್ ಸಂಸ್ಥೆಗಳು ಒಂದಾದವು. 1955ರಲ್ಲಿ ಹೊರಬಂದ ಎಂ.ಜಿ.ಎ. ಕಾರಿಗೆ ಆಸ್ಟಿನ್ನರು ರೂಪಿಸಿದ್ದ ‘ಬಿ ಸೀರೀಸ್’ ಎಂಜಿನನ್ನು ಕೂರಿಸಿದರು. ಅದರ ಗಾತ್ರ 1,489 ಸಿ.ಸಿ. ಇತ್ತ 1957ರಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ಥಾನ್ ಮೋಟಾರ್ಸಿನವರು ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲೇ ಅಂಬಾಸಿಡರನ್ನು ತಯಾರಿಸತೊಡಗಿದರು. ಕೆಲವೇ ವರ್ಷಗಳಲ್ಲಿ ಅದರ ಬಾನೆಟ್ಟಿನ ಕೆಳಗೂ ಅದೇ 1,489 ಸಿ.ಸಿ.ಯ ಬಿ ಸೀರೀಸ್ ಎಂಜಿನು ಬಂತು. ಎಂ.ಜಿ.ಗೆ ಜೋಡಿ ಕಾರ್ಬುರೇಟರು, ನಮ್ಮದಕ್ಕೆ ಒಂಟಿ. ಅದರ ಶಕ್ತಿ ಸುಮಾರು 70 ಅಶ್ವಶಕ್ತಿ, ನಮ್ಮದು 50ರ ಆಸುಪಾಸು. ಒಬ್ಬ ಓಟಗಾರನಾದ, ಇನ್ನೊಬ್ಬ ಹೊರೆ ಹೊತ್ತ. ರಕ್ತ ಮಾತ್ರ ಒಂದೇ.

ಸ್ವಾತಂತ್ರ್ಯಾನಂತರ ವಿದೇಶಿ ಕಾರುಗಳ ಆಮದಿಗೆ ಸರಕಾರ ಕಡಿವಾಣ ಹಾಕಿತು. ಹೀಗಾಗಿ ಎಂ.ಜಿ.ಯಂಥ ಕಾರುಗಳು ನಮ್ಮಲ್ಲಿ ವಿರಳವಾದವು. ಆದರೆ ಅದರ ಎಂಜಿನು ಮಾತ್ರ ಟ್ಯಾಕ್ಸಿಯ ವೇಷ ತೊಟ್ಟು ಊರೂರಿಗೂ ಬಂತು. ತುಂಗಭದ್ರಾ ಅಣೆಕಟ್ಟು ನೋಡಬಂದವರನ್ನು ಹೊತ್ತು ತಿರುಗಿದ್ದು ಅದೇ. ಕಮಲಾಪುರದ ದಾರಿಯಲ್ಲಿ ಹಂಪಿಗೆ ಯಾತ್ರಿಕರನ್ನು ಕರೆದೊಯ್ದದ್ದು, ಸಂಡೂರಿನ ಅದಿರು ಗುಡ್ಡಗಳಿಗೆ ಏದುಸಿರು ಬಿಡುತ್ತ ಹತ್ತಿದ್ದು ಅದೇ.

ಹೊಸಪೇಟೆಯ ಹಿರಿಯ ಮೇಸ್ತ್ರಿಗಳ ಕೆಲಸವನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಏಪ್ರಿಲ್ ಬಿಸಿಲಿಗೆ ಪೆಟ್ರೋಲು ಕೊಳವೆಯಲ್ಲೇ ಆವಿಯಾಗಿ ಕಾರು ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುವುದು ಅವರ ಪ್ರಥಮ ಚಿಕಿತ್ಸೆ. ಅದಿರಿನ ಕೆಂಧೂಳು ಏರ್ ಫಿಲ್ಟರನ್ನು ಕಟ್ಟಿದರೆ ಎಂಜಿನು ಪೆಟ್ರೋಲು ಹೆಚ್ಚು ಕುಡಿದು ಕಪ್ಪು ಹೊಗೆ ಉಗುಳುತ್ತದೆಂಬುದನ್ನು ಹೊಗೆಯ ಬಣ್ಣದಿಂದಲೇ ಹೇಳಬಲ್ಲರು. ಟ್ಯಾಪೆಟ್ಟಿನ ಸಂದು ಹೆಚ್ಚಾಗಿದೆಯೇ ಎಂದು ತಿಳಿಯಲು ಅವರಿಗೆ ಕಿವಿಯೇ ಸಾಕು. ದೂರದ ಹವ್ಯಾಸಿಯೂ ಕಿವಿಯನ್ನೇ ನಂಬುತ್ತಾನೆ: ಎಂ.ಜಿ.ಯ ಜೋಡಿ ಕಾರ್ಬುರೇಟರುಗಳು ಸಮನಾಗಿ ಗಾಳಿ ಎಳೆಯುತ್ತಿವೆಯೇ ಎಂದು ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗಿಟ್ಟು ಕೇಳುತ್ತಾನೆ. ಹೊಸಪೇಟೆಯ ಮೇಸ್ತ್ರಿಯನ್ನು ಆ ಕಾರಿನ ಮುಂದೆ ನಿಲ್ಲಿಸಿದರೆ ಅರ್ಧ ಗಂಟೆಯಲ್ಲಿ ಬಂಧುವಿನ ಗುರುತು ಹಿಡಿದಾನು.

ಆಸ್ಟ್ರೇಲಿಯದಲ್ಲಿ ಈ ಹವ್ಯಾಸ ದೊಡ್ಡದು. ಎಂ.ಜಿ.ಎ.ಯ ನಂತರ ಬಂದ ಎಂ.ಜಿ.ಬಿ. ಕಾರನ್ನು, ಅದೇ ಎಂಜಿನನ್ನು 1,798 ಸಿ.ಸಿ.ಗೆ ಹಿಗ್ಗಿಸಿದ್ದನ್ನು, 1963ರಿಂದ 1972ರವರೆಗೆ ಸಿಡ್ನಿಯ ಎನ್‌ಫೀಲ್ಡಿನಲ್ಲೇ ಜೋಡಿಸುತ್ತಿದ್ದರು. ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆ 1980ರಲ್ಲಿ ಮುಚ್ಚಿತು. ಆದರೆ ಹಳೆಯ ಅಚ್ಚುಗಳನ್ನು ಹುಡುಕಿ ತೆಗೆದು 1988ರಿಂದ ಎಂ.ಜಿ.ಬಿ.ಯ ಇಡೀ ಮೈಯನ್ನೇ ಹೊಸದಾಗಿ ತಯಾರಿಸುವ ಏರ್ಪಾಡು ಅಲ್ಲಿ ನಡೆಯಿತು. ಕಾರ್ಖಾನೆ ಸತ್ತರೂ ಕಾರು ಸಾಯದಂತೆ ನೋಡಿಕೊಂಡ ಜನ ಅವರು.

ನಮ್ಮ ಅಂಬಾಸಿಡರಿನ ತಯಾರಿಕೆ 2014ರಲ್ಲಿ ನಿಂತಿತು. ಅದಕ್ಕಾಗಿ ಅಂಥ ಏರ್ಪಾಡು ನಮ್ಮಲ್ಲಾಗಿಲ್ಲ. ಐವತ್ತು ವರ್ಷ ಮೀರಿದ, ಮೂಲ ರೂಪದಲ್ಲಿರುವ ವಾಹನಗಳಿಗೆ ಕೇಂದ್ರ ಸರಕಾರ 2021ರಲ್ಲಿ ಪ್ರತ್ಯೇಕ ನೋಂದಣಿಯ ನಿಯಮ ತಂದಿತು. ಪ್ರದರ್ಶನ, ರ್‍ಯಾಲಿಗಳಿಗೆ ಅವು ರಸ್ತೆಗಿಳಿಯಬಹುದು, ದಿನಬಳಕೆಗೆ ಇಲ್ಲ. ಈ ಕಾನೂನಿನ ಮುಂದೆ ಎಂ.ಜಿ.ಯೂ ಹಳೆಯ ಅಂಬಾಸಿಡರೂ ಸಮಾನರು. ಕಾಗದ ಸಿಕ್ಕಿತು, ಆದರೆ ಕೈ? ಕಂಪ್ಯೂಟರು ತೋರಿಸಿದ ದೋಷವನ್ನು ಓದಿ ಭಾಗ ಬದಲಿಸುವುದನ್ನು ಕಲಿತ ಇಂದಿನ ಹುಡುಗರು ಕಾರ್ಬುರೇಟರಿನ ಸೂಜಿಯನ್ನು ಮುಟ್ಟುವ ಸಂದರ್ಭವೇ ಇಲ್ಲ.

ಹಂಪಿಯಲ್ಲಿ ಎರಡು ಬಗೆಯ ರಥಗಳಿವೆ. ವಿಠ್ಠಲನ ಗುಡಿಯ ಕಲ್ಲಿನ ರಥದ ಚಕ್ರಗಳು ಹಿಂದೊಮ್ಮೆ ತಿರುಗುತ್ತಿದ್ದವೆಂದು ಹೇಳುತ್ತಾರೆ. ಈಗ ತಿರುಗುವುದಿಲ್ಲ, ತಿರುಗಬೇಕಾಗಿಯೂ ಇಲ್ಲ. ವಿರೂಪಾಕ್ಷನ ಮರದ ತೇರಿನ ಮಾತು ಬೇರೆ. ಮರದ ತೇರಿಗೆ ಅಚ್ಚು ಸವೆದರೆ ಅಚ್ಚು, ಹಲಗೆ ಮುರಿದರೆ ಹಲಗೆ ಹೊಸದಾಗಿ ಬರುತ್ತದೆ. ಬಡಗಿಯ ಕೈ ಇರುವವರೆಗೆ ಚೈತ್ರದಲ್ಲಿ ಅದು ಎಳೆಯಲ್ಪಡುತ್ತದೆ. ಹಳೆಯ ಕಾರು ಈ ಎರಡನೆಯ ಜಾತಿಗೆ ಸೇರಿದ್ದು. ಗಾಜಿನ ಹಿಂದೆ ನಿಲ್ಲಿಸಿದರೆ ಅದರ ಆಕಾರ ಮಾತ್ರ ಉಳಿದೀತು.

ಆದ್ದರಿಂದ ಹಳೆಯ ಕಾರುಳ್ಳವರಲ್ಲಿ ನನ್ನ ಬಿನ್ನಹ ಇಷ್ಟೇ: ನಿಮ್ಮೂರಿನ ಹಿರಿಯ ಮೇಸ್ತ್ರಿಯ ಪಕ್ಕದಲ್ಲಿ ಒಬ್ಬ ಹುಡುಗನನ್ನು ಕೂರಿಸಿ. ಅವನ ಸಂಬಳವನ್ನೂ ಬಿಡಿಭಾಗದ ಖರ್ಚಿನ ಲೆಕ್ಕದಲ್ಲೇ ಬರೆಯಿರಿ.