ಜೀವನಾಂಶದ ಲೆಕ್ಕ ಮತ್ತು ಭಿವಂಡಿಯ ಮಗ್ಗ

ಗಂಡನ ಸಂಪಾದನೆ ನಿಜಕ್ಕೂ ಎಷ್ಟು ಎಂಬ ಪ್ರಶ್ನೆಗೆ ನಮ್ಮ ಮ್ಯಾಜಿಸ್ಟ್ರೇಟ್ ಕೋರ್ಟುಗಳು ಬಹಳ ಕಾಲ ತಲೆ ಕೆಡಿಸಿಕೊಳ್ಳಬೇಕಾಗಿ ಬರಲಿಲ್ಲ. 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೇ ಕಲಮು ಜೀವನಾಂಶಕ್ಕೆ ಮೇಲ್ಮಿತಿ ಹಾಕಿತ್ತು. 1955ರಲ್ಲಿ ಅದು ತಿಂಗಳಿಗೆ 500 ರೂಪಾಯಿ ಆಯಿತು. 1973ರ ಸಂಹಿತೆಯ 125ನೇ ಕಲಮೂ ಅದನ್ನೇ ಉಳಿಸಿಕೊಂಡಿತು. ಶಾ ಬಾನು ಪ್ರಕರಣದಲ್ಲಿ ದೇಶವನ್ನೇ ಅಲುಗಿಸಿದ ಮೊತ್ತ 179 ರೂಪಾಯಿ 20 ಪೈಸೆ. ಮಿತಿಯೇ ಐನೂರಾದರೆ ಆತ ಐದು ಸಾವಿರ ದುಡಿಯುತ್ತಾನೋ ಐವತ್ತು ಸಾವಿರವೋ ಎಂದು ಕೆದಕಿ ಪ್ರಯೋಜನವೇನು? ಹಿಂದೂ ವಿವಾಹ ಕಾಯಿದೆಯಲ್ಲಿ ಇಂಥ ಮಿತಿ ಇರಲಿಲ್ಲ, ಅದು ಬೇರೆ ದಾರಿ.

2001ರಲ್ಲಿ ಸಂಸತ್ತು ಮಿತಿಯನ್ನು ಕಿತ್ತುಹಾಕಿತು. ಅಲ್ಲಿಂದ ಜಗಳವೆಲ್ಲ ಆದಾಯದ ಮೇಲೆ ಬಂತು. ಒಬ್ಬರು ಖರ್ಚನ್ನು ಉಬ್ಬಿಸುವುದು, ಇನ್ನೊಬ್ಬರು ಗಳಿಕೆಯನ್ನು ಮುಚ್ಚಿಡುವುದು, ನ್ಯಾಯಾಧೀಶರು ಅಂದಾಜಿನಲ್ಲಿ ಒಂದು ಅಂಕಿ ಬರೆಯುವುದು. ನಾಗಪುರದ ಕುಟುಂಬ ನ್ಯಾಯಾಲಯದಲ್ಲಿ 2013ರಲ್ಲಿ ಹೂಡಿದ ಮಧ್ಯಂತರ ಜೀವನಾಂಶದ ಅರ್ಜಿ ಸುಪ್ರೀಂ ಕೋರ್ಟಿನಲ್ಲಿ ಮುಗಿದದ್ದು 2020ರ ನವೆಂಬರ್ 4ರಂದು. 'ಮಧ್ಯಂತರ' ಎಂಬ ಪದಕ್ಕೆ ಏಳು ವರ್ಷ! 'ರಜನೇಶ್ ವಿರುದ್ಧ ನೇಹಾ' ಎಂಬ ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಮತ್ತು ಸುಭಾಷ್ ರೆಡ್ಡಿ ಅವರ ಪೀಠ, ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ–ಸಾಲಗಳ ಪ್ರಮಾಣಪತ್ರ ಸಲ್ಲಿಸಲೇಬೇಕೆಂದು ಹೇಳಿ ಅದರ ನಮೂನೆಯನ್ನೂ ಕೊಟ್ಟಿತು. ಸುಳ್ಳು ಬರೆದರೆ ಕ್ರಿಮಿನಲ್ ಕ್ರಮದ ಭಯವೂ ಉಂಟು.

ನಮೂನೆಗಳು ಮೂರು: ಬೇಸಾಯದವರಿಗೊಂದು, ಮೇಘಾಲಯಕ್ಕೊಂದು, ಉಳಿದ ಎಲ್ಲರಿಗೂ ಒಂದು. ಈ 'ಉಳಿದ ಎಲ್ಲರ' ಕಾಗದವನ್ನು ಭಿವಂಡಿಯಲ್ಲಿ ಕುಳಿತು ತುಂಬಿ ನೋಡಬೇಕು. ಥಾಣೆ ಜಿಲ್ಲೆಯ ಈ ಊರು ವಿದ್ಯುತ್ ಮಗ್ಗಗಳದ್ದು. ಇಲ್ಲಿ ಅನೇಕ ಮಗ್ಗದ ಯಜಮಾನರು ತಮಗಾಗಿ ನೇಯುವುದಿಲ್ಲ. ವ್ಯಾಪಾರಿ ಕೊಟ್ಟ ನೂಲನ್ನು ಬಟ್ಟೆ ಮಾಡಿ ಮಜೂರಿ ಪಡೆಯುತ್ತಾರೆ. ನೇಕಾರನ ಕೂಲಿ ಮೀಟರ್ ಲೆಕ್ಕದ್ದು. ಮಾರುಕಟ್ಟೆ ಬಿದ್ದ ವಾರ ಮಗ್ಗ ನಿಂತಿತು, ಕೂಲಿಯೂ ನಿಂತಿತು. ಇಂಥವನ 'ತಿಂಗಳ ಆದಾಯ' ಯಾವುದು? ನಮೂನೆಯ ಆದಾಯದ ಭಾಗದಲ್ಲಿ ಸಂಬಳದ ಚೀಟಿಯ ಭಾಷೆಯೇ ಹೆಚ್ಚು. ಅನುವಾದಕಿಯಾಗಿ ನನಗೆ ಇಲ್ಲಿಯೇ ಕಾಲು ತೊಡರುತ್ತದೆ: ಆದಾಯ, ಗಳಿಕೆ, ಕೂಲಿ, ಮಜೂರಿ ಎಂಬ ನಾಲ್ಕೂ ಒಂದೇ ಅಲ್ಲ.

ಆದರೂ ಆ ಕಾಗದದಲ್ಲಿ ಹೆಂಡತಿಗೆ ಒಂದು ಹಿಡಿ ಇದೆ. ಸಂಗಾತಿಯ ಗಳಿಕೆ, ಆಸ್ತಿಗಳ ಬಗ್ಗೆ ತನಗೆ ಗೊತ್ತಿದ್ದುದನ್ನು ಬರೆಯಲು ಪ್ರತ್ಯೇಕ ಭಾಗವಿದೆ; ಆತನಿಗೆ ಮಾತ್ರ ತಿಳಿದ ಸಂಗತಿಯನ್ನು ಆತನೇ ಹೇಳುವಂತೆ ಕೋರ್ಟು ಆದೇಶಿಸಬಹುದು. ಎಷ್ಟು ಮಗ್ಗ, ಯಾವ ಶೆಡ್ಡು, ಯಾರ ನೂಲು ಎಂಬುದು ಆಕೆಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಪುಸ್ತಕದಲ್ಲಿ ಇಲ್ಲದ್ದನ್ನು ಕರೆಂಟಿನ ಬಿಲ್ಲು ಹೇಳೀತು: ಮಗ್ಗ ಓಡಿದಷ್ಟೂ ಮೀಟರು ಓಡಬೇಕು. ಬಿಲ್ಲು ಶೆಡ್ಡಿನ ಮಾಲೀಕನ ಹೆಸರಿನಲ್ಲಿದ್ದರೆ ಬಾಡಿಗೆಯ ಕರಾರನ್ನೂ ಕೇಳಬೇಕಾಗುತ್ತದೆ.