ಜರ್ಮನ್ ರಾಕ್ ವಾದ್ಯವೃಂದವೂ ಬೆಂಗಳೂರಿನ ತಾಳವಿದ್ಯಾಶಾಲೆಯೂ

ಹರ್ಮನ್ ಮೊಗ್ಲಿಂಗನು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದುದೂ, 1894ರಲ್ಲಿ ಕಿಟ್ಟೆಲರ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಪ್ರಕಟವಾದುದೂ ವಾಚಕರಿಗೆ ವಿದಿತವೇ. ಅದೇ ಮೊಗ್ಲಿಂಗನು 1850ರಲ್ಲಿ ದಾಸರ ಪದಗಳನ್ನು ಇಲ್ಲಿಯೇ ಅಚ್ಚುಹಾಕಿಸಿದನೆಂಬುದನ್ನು ಪ್ರಕೃತ ವಿಷಯಕ್ಕೆ ಪೀಠಿಕೆಯಾಗಿ ಸ್ಮರಿಸಬೇಕಾಗಿದೆ. ಆ ಪುಸ್ತಕದಿಂದ ಪದಗಳ ಸಾಹಿತ್ಯವು ಉಳಿಯಿತು. ಅವನ್ನು ಆಗ ಹಾಡುತ್ತಿದ್ದವರ ಧಾಟಿಯು ಉಳಿಯಲಿಲ್ಲ. ಅಚ್ಚಿಗೆ ನಿಲುಕುವುದು ಅಕ್ಷರವಲ್ಲದೆ ನಾದವಲ್ಲವಷ್ಟೆ.

ಜರ್ಮನರು ನಮ್ಮ ನಾಡಿನ ಸಂಗೀತವನ್ನು ಮತ್ತೊಮ್ಮೆ ದಾಖಲೆಗೆ ತಂದುದು ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. ಈ ಸಲ ಬಂದವರು ಪಾದ್ರಿಗಳಲ್ಲ. ಉದ್ದಗೂದಲಿನ ರಾಕ್ ವಾದಕರು. 1960ರ ದಶಕದ ಉತ್ತರಾರ್ಧದಲ್ಲಿ ಅಮೆರಿಕ, ಇಂಗ್ಲೆಂಡುಗಳಲ್ಲಿ ತಲೆಯೆತ್ತಿದ ‘ಸೈಕೆಡೆಲಿಕ್’ ರಾಕ್ ಸಂಗೀತವು, ಬಿಡದೆ ನುಡಿಯುವ ಶ್ರುತಿಯಲ್ಲಿಯೂ ದೀರ್ಘವಾದ ಮನೋಧರ್ಮವಾದನದಲ್ಲಿಯೂ ಆಸಕ್ತಿಯುಳ್ಳದ್ದಾಗಿ, ಆಗಲೇ ಭಾರತದ ಕಡೆಗೆ ಮುಖಮಾಡಿದ್ದಿತು. ಈ ಮಾರ್ಗದ ‘ಎಂಬ್ರಿಯೋ’ ಎಂಬ ವೃಂದವನ್ನು ಕ್ರಿಶ್ಚಿಯನ್ ಬುರ್ಖಾರ್ಟ್ (1946-2018) ಎಂಬಾತನು 1969ರಲ್ಲಿ ಮ್ಯೂನಿಕ್ ನಗರದಲ್ಲಿ ಸ್ಥಾಪಿಸಿದನು. ಅವರ ಮೊದಲ ತಟ್ಟೆ ‘ಓಪಲ್’ 1970ರದು. ಅನ್ಯರು ಸಿತಾರನ್ನು ಒಂದು ಅಲಂಕಾರವಾಗಿ ತಂದುಕೊಂಡು ತೃಪ್ತರಾದರೆ, ಇವರು 1978-79ರಲ್ಲಿ ಮೋಟಾರು ವಾಹನಗಳನ್ನೇರಿ ಭೂಮಾರ್ಗವಾಗಿ ಅಫಘಾನಿಸ್ಥಾನವನ್ನು ಹಾದು ಭಾರತಕ್ಕೇ ಬಂದರು. ದಾರಿಯುದ್ದಕ್ಕೂ ಮಾಡಿದ ಧ್ವನಿಮುದ್ರಣಗಳಿಂದ ‘ಎಂಬ್ರಿಯೋಸ್ ರೈಸೆ’, ಎಂದರೆ ‘ಎಂಬ್ರಿಯೋದ ಪ್ರಯಾಣ’, ಎಂಬ ಜೋಡಿತಟ್ಟೆಯು ಸಿದ್ಧವಾಯಿತು.

ಇವರಿಗೆ ಜೊತೆಯಾದ ‘ಕರ್ನಾಟಕ ಕಾಲೇಜ್ ಆಫ್ ಪರ್ಕಶನ್’ ಎಂಬ ಸಂಸ್ಥೆಯನ್ನು ಮೃದಂಗವಿದ್ವಾನ್ ಟಿ. ಎ. ಎಸ್. ಮಣಿಯವರು 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ್ದರು. ಅವರ ಪತ್ನಿ ಶ್ರೀಮತಿ ಆರ್. ಎ. ರಮಾಮಣಿಯವರು ಅದರ ಗಾಯಕಿ. ಪಕ್ಕವಾದ್ಯವೆಂದು ಹಿಂದೆ ಕುಳ್ಳಿರಿಸುತ್ತಿದ್ದ ಮೃದಂಗ, ಘಟ, ಖಂಜಿರ, ಮೋರ್ಸಿಂಗ್‌ಗಳನ್ನು ಮುಂದಕ್ಕೆ ತಂದುದು ಈ ಸಂಸ್ಥೆಯ ಮುಖ್ಯ ಸಾಧನೆಯೆಂದು ನಮ್ಮ ಅಭಿಪ್ರಾಯ. ರಾಕ್ ವಾದಕನಿಗೆ ಇಲ್ಲಿ ಕಲಿಯಬೇಕಾದುದು ಏನಿದ್ದಿತೆಂಬುದು ಲೆಕ್ಕದಿಂದ ಸ್ಪಷ್ಟವಾಗುತ್ತದೆ. ಅವನ ನಡೆಯು ಬಹುಮಟ್ಟಿಗೆ ನಾಲ್ಕರ ಎಣಿಕೆಯದು; ನಮ್ಮ ಮಿಶ್ರಚಾಪು ‘ತಕಿಟ ತಕಧಿಮಿ’ ಎಂದು ಏಳಕ್ಷರದ್ದು. ಎರಡನ್ನೂ ಒಟ್ಟಿಗೆ ಹೊರಡಿಸಿದರೆ ಇಪ್ಪತ್ತೆಂಟು ಅಕ್ಷರಗಳು ಕಳೆದ ಮೇಲಲ್ಲದೆ ಮೊದಲ ಪೆಟ್ಟಿನಲ್ಲಿ ಕೂಡುವುದಿಲ್ಲ. ಅಷ್ಟು ದೂರ ದಾರಿ ತಪ್ಪದೆ ನಡೆಯಲು ಕೊನ್ನಕೋಲಿನ ಸೊಲ್ಲುಗಳು ನಾಲಗೆಯ ಮೇಲಿರಬೇಕು.

ಈಗ ತಟ್ಟೆಗಳ ವಿಚಾರ. ಪಶ್ಚಿಮದಲ್ಲಿ ಒಂದು ವೃಂದದ ಗೀತವನ್ನು ಅಭಿಮಾನಿಗಳು ಮರಳಿ ಹಾಡಿದರೆ ಅದಕ್ಕೆ ‘ಕವರ್’ ಎಂಬ ಬೇರೆ ಹೆಸರುಂಟು. ಆ ವೃಂದದ ಮೊದಮೊದಲಿನ ಧ್ವನಿಮುದ್ರಣಗಳನ್ನು ನಾವು ಓಲೆಗರಿಗಳನ್ನು ಅರಸುವಂತೆ ಅರಸುತ್ತಾರೆ. (ಅವರ ಲೆಕ್ಕದಲ್ಲಿ ನಮ್ಮ ಕಚೇರಿಯ ಗಾಯಕರೆಲ್ಲರೂ ‘ಕವರ್’ ಹಾಡುವವರೇ ಸರಿ.) ಮೂಲಕ್ಕೆ ಇಷ್ಟು ಬೆಲೆ ಕೊಡುವ ಕಡೆ ಮೂಲವು ಯಾರದೆಂಬ ಪ್ರಶ್ನೆಯೂ ಏಳಲೇಬೇಕು. ಎಂಬ್ರಿಯೋದೊಡನೆ ಮಾಡಿದ ‘ಲೈಫ್’ ಎಂಬ ತಟ್ಟೆಯಲ್ಲಿ ಬೆಂಗಳೂರಿನ ಸಂಸ್ಥೆಯ ಹೆಸರು ಸಹಕರ್ತೃವಾಗಿ ನಿಂತಿದೆ. ಎಂಬ್ರಿಯೋದಿಂದ ಒಡೆದು ಬಂದ ‘ಡಿಸಿಡೆಂಟನ್’ ವೃಂದದ ‘ಜರ್ಮನಿಸ್ತಾನ್’ (1982) ಎಂಬುದರಲ್ಲಿಯೂ ಸಂಸ್ಥೆಯ ವಾದನವಿದೆ. ಆದರೆ ತಟ್ಟೆಯನ್ನು ಜನರು ಗುರುತಿಸುವುದು ಜರ್ಮನ್ ವೃಂದದ ಹೆಸರಿನಿಂದಲೇ. ಅಂಕಿತವೊಂದನ್ನೇ ನಂಬಿ ಕರ್ತೃನಿರ್ಣಯ ಮಾಡಿದರೆ ದಾಸಸಾಹಿತ್ಯದಲ್ಲಿ ಎಂತಹ ತೊಡಕುಗಳು ಬರುತ್ತವೆಯೋ ಇಲ್ಲಿಯೂ ಅಂತಹವೇ ಬರುತ್ತವೆ. ಗ್ರಂಥಸಂಪಾದಕನು ಹಸ್ತಪ್ರತಿಯಲ್ಲಿ ನೋಡುವ ಕಾಲ, ಸ್ಥಳ, ಲಿಪಿಕಾರರ ವಿವರಗಳನ್ನು ತಟ್ಟೆಯ ಹೊದಿಕೆಯಲ್ಲಿಯೂ ನೋಡತಕ್ಕದ್ದು.

ಈ ದೃಷ್ಟಿಯಿಂದ ಅತ್ಯಂತ ಶುದ್ಧವಾದ ಪ್ರತಿಯೆಂದರೆ ‘ಜ್ಯೋತಿ’. 1970ರ ದಶಕದಲ್ಲಿ ಎಂಬ್ರಿಯೋದೊಡನೆ ನುಡಿಸಿದ್ದ, ಬಾಸ್ಟನ್ ನಗರದಲ್ಲಿ ಜನಿಸಿದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ (1923-2009) ದಕ್ಷಿಣ ಭಾರತದಲ್ಲಿ ನಾಗಸ್ವರವನ್ನು ಅಭ್ಯಾಸಮಾಡಿದವನು. ಅವನೂ ಬೆಂಗಳೂರಿನ ಕಲಾವಿದರೂ 1983ರ ಫೆಬ್ರವರಿಯಲ್ಲಿ ಲುಡ್ವಿಗ್ಸ್‌ಬರ್ಗಿನಲ್ಲಿ ಇದನ್ನು ಮುದ್ರಿಸಿದರು. ಆ ಊರು ಮೊಗ್ಲಿಂಗನು ಹುಟ್ಟಿದ ಬ್ರಾಕೆನ್‌ಹೈಮಿನಂತೆಯೇ ವ್ಯುರ್ಟೆಂಬರ್ಗ್ ಸೀಮೆಗೆ ಸೇರಿದ್ದು. ಹೊದಿಕೆಯ ಮೇಲೆ ಮರಿಯಾನೊವಿನ ಹೆಸರೂ ಸಂಸ್ಥೆಯ ಹೆಸರೂ ಜೊತೆಜೊತೆಯಾಗಿವೆ. ಒಳಗಿನ ಆರು ಭಾಗಗಳಲ್ಲಿ ಮೊದಲನೆಯದು ಗಾಯನವೇ. ಮುಂದಿನವು ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’, ‘ಕಾರ್ತಿಕ್’, ‘ಭಜನ್’. ರಮಾಮಣಿಯವರು ಗಾಯನ ಮತ್ತು ತಂಬೂರಿ, ಮಣಿಯವರು ಮೃದಂಗ, ಆರ್. ಎ. ರಾಜಗೋಪಾಲರು ಘಟ ಮತ್ತು ಮೋರ್ಸಿಂಗ್, ಟಿ. ಎನ್. ಶಶಿಕುಮಾರರು ಖಂಜಿರ, ಕಡೆಯ ಇಬ್ಬರಿಗೆ ಕೊನ್ನಕೋಲೂ ಸೇರಿದೆ.