ನೆಲ ಸಿಕ್ಕರೆ ಊರಾಗುತ್ತದೆಯೇ?

ಉರ್ದುವಿನಲ್ಲಿ ನಾವು 'ಪನಾಹ್‌ಗುಜೀನ್' ಎನ್ನುತ್ತೇವೆ. ಆಶ್ರಯ ಪಡೆದವನು ಎಂದರ್ಥ. ಕನ್ನಡದಲ್ಲಿ ಅದೇ ಮನುಷ್ಯ 'ನಿರಾಶ್ರಿತ', ಆಶ್ರಯವಿಲ್ಲದವನು. ಈ ಎರಡು ಪದಗಳ ನಡುವಿನ ದೂರ ಎಷ್ಟೆಂದು ತಿಳಿಯಲು ಅರಕಲಗೂಡಿನಿಂದ ಕೊಣನೂರಿನ ಮೇಲೆ ಕುಶಾಲನಗರ ದಾಟಿ ಬೈಲಕುಪ್ಪೆಗೆ ಹೋಗಬೇಕು.

1959ರ ಮಾರ್ಚ್‌ನಲ್ಲಿ ದಲಾಯಿ ಲಾಮಾ ಲ್ಹಾಸಾ ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸುಮಾರು 80,000 ಟಿಬೆಟಿಯನ್ನರು ಬಂದರು. ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುನೆಲವನ್ನು ಗುತ್ತಿಗೆಗೆ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡ ಬಂದಿಳಿಯಿತು. ಹಿಮದ ನಾಡಿನವರಿಗೆ ಇಲ್ಲಿನ ಸೆಖೆಯೇ ಕಾಯಿಲೆಯಾಯಿತು. ಹಗಲು ಕಾಡು ಕಡಿಯುವುದು, ರಾತ್ರಿ ಆನೆಗಳಿಗೆ ಹೆದರುವುದು. ಬಾರ್ಲಿ ಬೆಳೆದ ಕೈಗಳು ಮುಸುಕಿನ ಜೋಳ ಬಿತ್ತಲು ಕಲಿತವು. ಮಳೆ ನಂಬಿದ ಬೇಸಾಯ ಹೊಟ್ಟೆ ತುಂಬಿಸದಾದಾಗ ಚಳಿಗಾಲದಲ್ಲಿ ಸ್ವೆಟರ್ ಗಂಟು ಹೊತ್ತು ದೂರದ ನಗರಗಳಿಗೆ ಹೋದರು.

ಆದರೂ ಅವರು ಉಳಿದುಕೊಂಡರು. ಕಾರಣ, ಅವರನ್ನು ಚದುರಿಸಲಿಲ್ಲ. ಒಂದೇ ಕಡೆ ಮನೆ, ಶಾಲೆ, ಸಹಕಾರ ಸಂಘ, ಮಠಗಳು ಎದ್ದವು. ಲ್ಹಾಸಾದ ಸೆರಾ ಮಠವೇ 1970ರ ಹೊತ್ತಿಗೆ ಇಲ್ಲಿ ಮರುಹುಟ್ಟು ಪಡೆಯಿತು.

ಸಿಗದೆ ಹೋದದ್ದು ಕಾಗದ. ಕಾನೂನಿನ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಇಲ್ಲಿ ಹುಟ್ಟಿದವರು ಭಾರತದ ಪ್ರಜೆಗಳು. ಅದು ಟಿಬೆಟಿಯನ್ನರಿಗೂ ಅನ್ವಯಿಸುತ್ತದೆ ಎಂದು ಕರ್ನಾಟಕ ಹೈಕೋರ್ಟು ಹೇಳಿದ್ದು 2013ರಲ್ಲಿ. ಪ್ರಜೆಯಾದರೆ ಟಿಬೆಟಿನ ಹಕ್ಕು ಸಡಿಲವಾದೀತೆಂದು ಹಿಂಜರಿದವರೂ ಇದ್ದಾರೆ.

ಈಗ ನಮ್ಮ ಹಾಸನಕ್ಕೇ ಬನ್ನಿ. 1979ರಲ್ಲಿ ಗೊರೂರಿನ ಹೇಮಾವತಿ ಅಣೆಕಟ್ಟು ಮುಗಿಯಿತು. ಹಿನ್ನೀರಿನಲ್ಲಿ ಹಳ್ಳಿಗಳು ಮುಳುಗಿದವು, ಜನ ಬೇರೆ ಬೇರೆ ಕಡೆ ಹೋದರು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಮೇಲೇಳುತ್ತದೆ. ನಾವು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ. ಅಲ್ಲಿಂದ ಹೋದವರು ಗಡಿ ದಾಟಲಿಲ್ಲ, ಭಾಷೆ ಬದಲಿಸಲಿಲ್ಲ. ಅವರ ಬಳಿ ಕಾಗದವಿತ್ತು, ಊರಿರಲಿಲ್ಲ. ಬೈಲಕುಪ್ಪೆಯವರಿಗೆ ಊರಿತ್ತು, ಕಾಗದವಿರಲಿಲ್ಲ.

ನಿರಾಶ್ರಿತನು ಆಶ್ರಿತನಾಗಲು ಎರಡೂ ಬೇಕು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹೊಲಗದ್ದೆಗಳಿಗೆ ಇಂದು ಹೇಮಾವತಿಯ ನೀರು ಹರಿಯುತ್ತದೆ. ಆ ನೀರು ಯಾರ ಅಂಗಳದ ಮೇಲೆ ನಿಂತಿದೆ ಎಂದು ನಾವು ಒಮ್ಮೆಯಾದರೂ ಕೇಳಿದ್ದೇವೆಯೇ?